ಇಸ್ರೇಲಿನವರಿಗೆ ಮೊಬೈಲಲ್ಲೇ ಅಮೆರಿಕ, ನಮ್ಮ ಹುಡುಗನಿಗೆ ಮಾತ್ರ ಕ್ಯೂ: ಯಾಕೆ?

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನನ್ನ ಮಗ ಬೆಂಗಳೂರಿನಲ್ಲಿ ಇಸ್ರೇಲ್ ಮೂಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅಮೆರಿಕದಲ್ಲಿ ಒಂದು ವಾರದ ಮೀಟಿಂಗ್ ಇದೆ. ಟೆಲ್ ಅವೀವ್‌ನ ಸಹೋದ್ಯೋಗಿಗಳು ಮೊಬೈಲಿನಲ್ಲೇ ಏನೋ ಎಸ್ಟಾ ಅಂತ ಅರ್ಜಿ ಹಾಕಿ, ಟಿಕೆಟ್ ಕೂಡ ಬುಕ್ ಮಾಡಿಯಾಯಿತು. ಇವನು ಇಂಟರ್‌ವ್ಯೂ ದಿನಾಂಕಕ್ಕೆ ಕಾಯುತ್ತಾ ಕೂತಿದ್ದಾನೆ. ಇಸ್ರೇಲಿಗೆ ಈ ಸೌಲಭ್ಯ ಸಿಕ್ಕಿದ್ದು ಬರೀ ದೋಸ್ತಿಯಿಂದಲಾ? ಭಾರತಕ್ಕೆ ಯಾವಾಗ ಸಿಗುತ್ತದೆ? ಇನ್ನೊಂದು ವಿಷಯ. ಇಲ್ಲಿನ ಒಬ್ಬ ಏಜೆಂಟ್ 18 ಸಾವಿರ ಕೊಟ್ಟರೆ ಭಾರತೀಯರಿಗೂ ಎಸ್ಟಾ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ಕೊಡಬಹುದಾ?

ಉತ್ತರ: ಏಜೆಂಟ್ ವಿಷಯ ಮೊದಲು ಮುಗಿಸೋಣ ಮೇಡಂ, ಯಾಕೆಂದರೆ ಅದರಲ್ಲಿ ನಿಮ್ಮ ದುಡ್ಡು ಹೋಗುವ ಮಾತಿದೆ. ಕೊಡಬೇಡಿ. ಎಸ್ಟಾ ಅಂದರೆ ಅಮೆರಿಕ ವೀಸಾ ಮನ್ನಾ ಮಾಡಿದ ದೇಶಗಳ ಜನ ಹೊರಡುವ ಮೊದಲು ಪಡೆಯುವ ಆನ್‌ಲೈನ್ ಅನುಮತಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎಸ್ಟಾ ಸಿಗುವುದಿಲ್ಲ. ದುಡ್ಡು ಜಾಸ್ತಿ ಕೊಟ್ಟರೂ ಇಲ್ಲ, ದೊಡ್ಡವರ ಪರಿಚಯ ಇದ್ದರೂ ಇಲ್ಲ. ಆ ಅರ್ಜಿಯಲ್ಲಿ ಮೊದಲೇ ಯಾವ ದೇಶದ ಪಾಸ್‌ಪೋರ್ಟ್ ಎಂದು ಕೇಳುತ್ತಾರೆ. ಅಲ್ಲಿ ಒಪ್ಪುವ ದೇಶಗಳಲ್ಲಿ ಭಾರತ ಇಲ್ಲ, ಕಥೆ ಅಲ್ಲಿಗೇ ಮುಗಿಯಿತು. ಅರ್ಹತೆ ಇರುವವರಿಗೇ ಸರ್ಕಾರಿ ಶುಲ್ಕ ಸುಮಾರು 40 ಡಾಲರ್. 2025ರ ಸೆಪ್ಟೆಂಬರ್ 30ಕ್ಕೆ ಮುಂಚೆ 21 ಇತ್ತು. 18 ಸಾವಿರ ಯಾವ ಲೆಕ್ಕ? ಈ ಏಜೆಂಟ್ ಬಹುಶಃ ಮಾಮೂಲಿ ವೀಸಾದ ಡಿಎಸ್-160 ಅರ್ಜಿಯನ್ನೇ ತುಂಬಿ, ಅದಕ್ಕೆ ಎಸ್ಟಾ ಅಂತ ಹೆಸರಿಟ್ಟು ಮಾರುತ್ತಿದ್ದಾನೆ. ಅದು ಒಳ್ಳೆಯ ಊಹೆ. ಕೆಟ್ಟ ಊಹೆ ಅಂದರೆ ಮಗನ ಪಾಸ್‌ಪೋರ್ಟ್ ವಿವರ, ಹುಟ್ಟಿದ ದಿನ, ನಿಮ್ಮ ಹೆಸರು ಎಲ್ಲ ಅವನ ಕೈಗೆ ಸೇರುತ್ತದೆ, ಪ್ರತಿಯಾಗಿ ಒಂದು ಪಿಡಿಎಫ್ ಬರುತ್ತದೆ. ಆ ಪಿಡಿಎಫ್ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಬಾರದು.

ಇನ್ನು ದೋಸ್ತಿಯ ಪ್ರಶ್ನೆ. ಕಂಪನಿಗಳ ಪ್ರಯಾಣದ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ವರ್ಷಗಳೇ ಕಳೆದಿವೆ. ಈ ಪ್ರಶ್ನೆಯನ್ನು ತಿಂಗಳಿಗೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ. ದೋಸ್ತಿಯೇ ಸಾಕಾಗಿದ್ದರೆ ಇಸ್ರೇಲಿಗೆ ಇದು ಎಂದೋ ಸಿಗಬೇಕಿತ್ತು ಅಲ್ವಾ? ಅಮೆರಿಕದ ವೀಸಾ ಮನ್ನಾ ಯೋಜನೆ 1986ರ ಕಾನೂನಿನಿಂದ ಹುಟ್ಟಿದ್ದು. 1988ರಲ್ಲಿ ಬ್ರಿಟನ್ ಮೊದಲು ಸೇರಿತು, ಅದೇ ವರ್ಷ ಜಪಾನ್ ಸೇರಿತು. ಇಸ್ರೇಲ್ ಸೇರಿದ್ದು 2023ರಲ್ಲಿ, 41ನೇ ದೇಶವಾಗಿ. ಆಪ್ತ ಗೆಳೆಯ ಅನ್ನಿಸಿಕೊಂಡ ದೇಶವೂ 35 ವರ್ಷ ಹೊರಗೇ ನಿಂತಿತ್ತು.

ಅದಕ್ಕೆ ದೊಡ್ಡ ಕಾರಣ ಒಂದು ಅಂಕಿ: 3. ಒಂದು ದೇಶದವರು ಹಾಕಿದ ಪ್ರವಾಸಿ ಮತ್ತು ವ್ಯಾಪಾರ ವೀಸಾ ಅರ್ಜಿಗಳಲ್ಲಿ, ಅಂದರೆ ಬಿ-1/ಬಿ-2 ಅರ್ಜಿಗಳಲ್ಲಿ, ನೂರಕ್ಕೆ 3ಕ್ಕಿಂತ ಕಡಿಮೆ ಅರ್ಜಿಗಳಷ್ಟೇ ತಿರಸ್ಕಾರ ಆಗಿರಬೇಕು. ಇದು ಒಂದು ಹಣಕಾಸು ವರ್ಷದ ಲೆಕ್ಕ. ಅವರ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಒಂದು ತಮಾಷೆ ಇದೆ. ಇದು ಅಮೆರಿಕಕ್ಕೆ ಹೋಗಿ ವಾಪಸ್ ಬರದವರ ಲೆಕ್ಕ ಅಲ್ಲ. ಕಿಟಕಿಯ ಆಚೆ ಕೂತ ಅಧಿಕಾರಿಗೆ ‘ಈ ಮನುಷ್ಯ ವಾಪಸ್ ಬರುತ್ತಾನೆ ಅಂತ ನನಗೆ ಅನ್ನಿಸುತ್ತಿಲ್ಲ’ ಎಂದು ಎಷ್ಟು ಸಲ ಅನ್ನಿಸಿತು ಎಂಬುದರ ಲೆಕ್ಕ. ಅಮೆರಿಕದ ವಲಸೆ ಕಾನೂನಿನ 214(ಬಿ) ಪ್ರಕಾರ, ನೀವು ಅಲ್ಲೇ ಉಳಿಯಲು ಬರುತ್ತಿದ್ದೀರಿ ಎಂದು ಅವರು ಮೊದಲೇ ಅಂದುಕೊಳ್ಳಬೇಕು. ಹಾಗಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಎರಡು ಮೂರು ನಿಮಿಷದ ಮಾತುಕತೆಯಲ್ಲಿ ಅದು ತೀರ್ಮಾನ ಆಗುತ್ತದೆ. ಅಂಥ ಸಾವಿರಾರು ತೀರ್ಮಾನಗಳನ್ನು ಕೂಡಿದರೆ ಒಂದು ದೇಶದ ಅಂಕಿ.

ಇಸ್ರೇಲಿನ ಅಂಕಿ ಬಹಳ ವರ್ಷ 3ರ ಮೇಲೇ ಇತ್ತು. ಯಾಕೆ ಅಂತ ಗೊತ್ತಾಗಬೇಕಾದರೆ ನಮ್ಮ ಗೋಕರ್ಣವನ್ನು ನೆನಪಿಸಿಕೊಳ್ಳಿ. ಕುಡ್ಲೆ ಬೀಚ್, ಓಂ ಬೀಚ್, ಒಂದು ಕಾಲದ ಹಂಪಿಯ ವಿರೂಪಾಪುರ ಗಡ್ಡೆ, ಇಲ್ಲೆಲ್ಲ ತಿಂಗಳುಗಟ್ಟಲೆ ಬೀಡುಬಿಡುವ ಇಸ್ರೇಲಿ ಹುಡುಗ ಹುಡುಗಿಯರನ್ನು ನೋಡಿರುತ್ತೀರಿ. ಕಡ್ಡಾಯ ಸೇನಾ ಸೇವೆ ಮುಗಿಸಿ, ಕಾಲೇಜಿಗೆ ಸೇರುವ ಮುನ್ನ ಲೋಕ ಸುತ್ತಲು ಹೊರಟವರು. ಇದೇ ವಯಸ್ಸಿನ ಇನ್ನೊಂದಷ್ಟು ಜನ ಅಮೆರಿಕಕ್ಕೆ ಹೋಗುತ್ತಿದ್ದರು. ಅಲ್ಲಿನ ಮಾಲ್‌ಗಳ ನಡುವೆ ತಳ್ಳುಗಾಡಿಯಂಥ ಸಣ್ಣ ಅಂಗಡಿಗಳಿರುತ್ತವಲ್ಲ, ಅಲ್ಲಿ ಮೃತ ಸಮುದ್ರದ ಮಣ್ಣಿನ ಕ್ರೀಮು ಮಾರುವ ಕೆಲಸಕ್ಕೆ. ಹೋಗಿದ್ದು ಪ್ರವಾಸಿ ವೀಸಾದಲ್ಲಿ, ಮಾಡಿದ್ದು ಸಂಬಳದ ಕೆಲಸ. ಇದು ಗೊತ್ತಾದ ಮೇಲೆ ವೀಸಾ ಅಧಿಕಾರಿಗಳು 22-23 ವಯಸ್ಸಿನ, ಕೆಲಸವಿಲ್ಲದ, ಮದುವೆಯಾಗದ ಇಸ್ರೇಲಿಗಳನ್ನು ಅನುಮಾನದಿಂದ ನೋಡತೊಡಗಿದರು. ನಮ್ಮ ದಾವಣಗೆರೆಯ ಹುಡುಗನನ್ನು ನೋಡುವ ಹಾಗೇ ಅನ್ನಿ. ಕೊನೆಗೆ 2022ರ ಹಣಕಾಸು ವರ್ಷದಲ್ಲಿ ಅಂಕಿ 3ಕ್ಕಿಂತ ಕೆಳಗೆ ಇಳಿಯಿತು.

ಪೋಲೆಂಡಿನ ಕಥೆ ಇನ್ನೂ ಚೆನ್ನಾಗಿದೆ. 1999ರಲ್ಲಿ ನ್ಯಾಟೊ ಸೇರಿದ ದೇಶ. ಇರಾಕ್ ಯುದ್ಧಕ್ಕೆ ಅಮೆರಿಕದ ಜೊತೆ ಸೈನಿಕರನ್ನು ಕಳಿಸಿದ ದೇಶ. ಬಂದ ಅಮೆರಿಕದ ಅಧ್ಯಕ್ಷರಿಗೆಲ್ಲ ಅದರ ನಾಯಕರು ವೀಸಾ ವಿಷಯ ಎತ್ತುತ್ತಲೇ ಇದ್ದರು. 2008ರಲ್ಲಿ ಅಮೆರಿಕ ಸ್ವಲ್ಪ ಕಾಲ ನಿಯಮ ಸಡಿಲಿಸಿ, 3ರ ಮಿತಿಯನ್ನು 10ರವರೆಗೂ ಬಿಡಬಹುದು ಎಂದಿತು. ಆ ನವೆಂಬರ್ 17ರಂದು ಜೆಕ್ ಗಣರಾಜ್ಯ, ಹಂಗೇರಿ, ದಕ್ಷಿಣ ಕೊರಿಯಾ ಸೇರಿ ಏಳು ದೇಶಗಳು ಒಟ್ಟಿಗೆ ಒಳಗೆ ಹೋದವು. ಪೋಲೆಂಡ್ ಹೊರಗೇ ಉಳಿಯಿತು. ಅದರ ಅಂಕಿ 10ನ್ನೂ ದಾಟಿತ್ತು. ಮತ್ತೆ 11 ವರ್ಷ ಕಾದು, 2019ರ ನವೆಂಬರ್ 11ರಂದು, ತನ್ನ ಸ್ವಾತಂತ್ರ್ಯ ದಿನದಂದೇ ಸೇರಿತು. ಹಾಗಾಗಿ ದೋಸ್ತಿ ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುವುದಿಲ್ಲ. 2008ರಲ್ಲಿ ಮಿತಿಯನ್ನು ಎಳೆದು ಉದ್ದ ಮಾಡಿದ್ದು ರಾಜಕೀಯವೇ. ಆದರೆ ದೋಸ್ತಿ ನಿಮ್ಮನ್ನು ಬಾಗಿಲ ತನಕ ಕರೆತರುತ್ತದೆ, ಅಷ್ಟೇ. ಒಳಗೆ ಬಿಡುವುದು ಲೆಕ್ಕ.

ಅಂಕಿ 3ಕ್ಕಿಂತ ಕೆಳಗೆ ಇಳಿದ ಮೇಲೆ ಶುರುವಾಗುವುದು ಕೊಡು-ಕೊಳ್ಳುವ ವ್ಯವಹಾರ. ಪತ್ರಿಕೆಗಳಲ್ಲಿ ಈ ಭಾಗ ಕಡಿಮೆ ಬರುತ್ತದೆ, ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ. ವೀಸಾ ಇದ್ದಾಗ ಅಮೆರಿಕದ ಅಧಿಕಾರಿ ಪ್ರತಿಯೊಬ್ಬರನ್ನೂ ಕೂರಿಸಿ ಕೇಳುತ್ತಿದ್ದ, ಹತ್ತೂ ಬೆರಳಿನ ಗುರುತು ಪ್ರಯಾಣಕ್ಕೆ ಮೊದಲೇ ತೆಗೆದುಕೊಳ್ಳುತ್ತಿದ್ದ. ಅದನ್ನು ಬಿಡಬೇಕಾದರೆ ಅದರ ಜಾಗಕ್ಕೆ ಇನ್ನೇನಾದರೂ ಬರಬೇಕು. ಬರುವುದು ಆ ದೇಶದ ಸರ್ಕಾರದ ಬಳಿ ಇರುವ ಮಾಹಿತಿ. ಪಾಸ್‌ಪೋರ್ಟಿನಲ್ಲಿ ಚಿಪ್ ಇರಬೇಕು. ಯಾರ ಪಾಸ್‌ಪೋರ್ಟ್ ಕಳೆದರೂ ಕಳವಾದರೂ ಬೇಗ ತಿಳಿಸಬೇಕು. ಅಪರಾಧ ಮಾಡಿದವರ ಬೆರಳಚ್ಚು, ಭಯೋತ್ಪಾದನೆಯ ಶಂಕಿತರ ವಿವರ, ಇವನ್ನು ಅಮೆರಿಕ ಕೇಳಿದಾಗ ಹುಡುಕಿ ನೋಡುವ ಹಾಗಿರಬೇಕು. ತನ್ನ ದೇಶಕ್ಕೆ ಬರುವ ವಿಮಾನ ಪ್ರಯಾಣಿಕರ ಮಾಹಿತಿಯನ್ನು ಮೊದಲೇ ತರಿಸಿಕೊಂಡು ಜಾಲಾಡುವ ವ್ಯವಸ್ಥೆ ಇರಬೇಕು. ಇವುಗಳಿಗಾಗಿ ಇಸ್ರೇಲ್ ತನ್ನ ಸಂಸತ್ತಾದ ಕ್ನೆಸೆಟ್‌ನಲ್ಲಿ ಹೊಸ ಕಾನೂನುಗಳನ್ನೇ ಮಾಡಬೇಕಾಯಿತು. ಸರ್ಕಾರ ಬಿದ್ದು, ಚುನಾವಣೆ ನಡೆದು, ಮತ್ತೊಂದು ಸರ್ಕಾರ ಬರುವ ಗಲಾಟೆಯ ನಡುವೆ ಇದೂ ಸಾಗಿತು.

ಅಂದರೆ ನಿಮ್ಮ ಮಗನ ಸಹೋದ್ಯೋಗಿಯನ್ನು ಯಾರೂ ಪರೀಕ್ಷೆ ಮಾಡದೆ ಬಿಟ್ಟಿಲ್ಲ. ಅವನಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡಿದ್ದಾರೆ. ಎಸ್ಟಾ ಅನ್ನುವುದೇ ಆ ಪರೀಕ್ಷೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ನೇಮಿಸಿದ್ದ ಆಯೋಗದ ಶಿಫಾರಸುಗಳ ಬೆನ್ನಿಗೆ 2007ರಲ್ಲಿ ಬಂದ ಕಾನೂನಿನಿಂದ ಇದು ಬಂತು. 2009ರ ಜನವರಿ 12ರಿಂದ ಕಡ್ಡಾಯವಾಯಿತು. ಹೆಸರು, ಅಪ್ಪ ಅಮ್ಮನ ಹೆಸರು, ಕೆಲಸ, ಹಿಂದಿನ ಅಪರಾಧ, ಎಲ್ಲಿ ಇಳಿಯುತ್ತೀರಿ, ಎಲ್ಲ ಕೇಳುತ್ತಾರೆ. ಉತ್ತರಗಳನ್ನು ಯಂತ್ರ ಪಟ್ಟಿಗಳ ಜೊತೆ ಹೋಲಿಸುತ್ತದೆ. ಹೂಂ ಅಂದರೆ ಹೊರಡಬಹುದು. ಉಹೂಂ ಅಂದರೆ ವಾದ ಮಾಡಲು ಎದುರಿಗೆ ಯಾರೂ ಇಲ್ಲ. ಎಂದಿನಂತೆ ರಾಯಭಾರ ಕಚೇರಿಗೆ ಹೋಗಿ ವೀಸಾಕ್ಕೆ ಅರ್ಜಿ ಹಾಕಬೇಕು. ಹೂಂ ಅಂದರೂ ಅದು ವಿಮಾನ ಹತ್ತಲು ಮಾತ್ರ. ಇಳಿದ ಮೇಲೆ ಒಳಗೆ ಬಿಡುವುದು ಬಿಡದಿರುವುದು ಅಲ್ಲಿನ ಅಧಿಕಾರಿಯ ಕೈಯಲ್ಲಿದೆ.

ಇನ್ನೊಂದು ಷರತ್ತು ಸರಿಸಮದ್ದು. ನಾವು ನಿಮ್ಮ ಜನರಿಗೆ ವೀಸಾ ಕೇಳುವುದಿಲ್ಲ, ನೀವೂ ನಮ್ಮ ಜನರಿಗೆ ಕೇಳಬಾರದು. ಓದಲು ಇಷ್ಟು ಸಲೀಸು. ಇಸ್ರೇಲಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೇ. ‘ನಮ್ಮ ಜನ’ ಅಂದರೆ ಅಮೆರಿಕದ ಎಲ್ಲ ಪ್ರಜೆಗಳು. ಅವರಲ್ಲಿ ಪ್ಯಾಲೆಸ್ಟೀನ್ ಮೂಲದ ಅಮೆರಿಕನ್ನರೂ ಇದ್ದಾರೆ. ಇಸ್ರೇಲಿನ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ರಾಮಲ್ಲಾದಲ್ಲಿ ಮನೆ ಇರುವ, ಅಲ್ಲಿನ ಗುರುತಿನ ಚೀಟಿ ಇರುವ ಅಮೆರಿಕನ್ ಪ್ರಜೆಯನ್ನು ಇಸ್ರೇಲ್ ಮೊದಲು ಪ್ಯಾಲೆಸ್ಟೀನಿ ಎಂದೇ ನೋಡುತ್ತಿತ್ತು. ಕೈಯಲ್ಲಿ ನೀಲಿ ಅಮೆರಿಕನ್ ಪಾಸ್‌ಪೋರ್ಟ್ ಇದ್ದರೂ ಸಾಮಾನ್ಯವಾಗಿ ಬೆನ್ ಗುರಿಯನ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಹಾಗಿರಲಿಲ್ಲ. ಜೋರ್ಡನ್‌ನ ಅಮ್ಮಾನ್‌ಗೆ ಹಾರಿ, ಅಲ್ಲಿಂದ ರಸ್ತೆಯಲ್ಲಿ ಬಂದು, ಅಲೆನ್‌ಬಿ ಸೇತುವೆ ದಾಟಿ, ಗಂಟೆಗಟ್ಟಲೆ ಕಾದು ಮನೆ ಸೇರಬೇಕಿತ್ತು. ಮಂಗಳೂರಿನಲ್ಲಿ ಮನೆ ಇರುವವರು ಮಂಗಳೂರಿನಲ್ಲಿ ಇಳಿಯದೆ, ಕೊಚ್ಚಿಯಲ್ಲಿ ಇಳಿದು ಬಸ್ಸಲ್ಲಿ ಬಂದು, ತಲಪಾಡಿಯಲ್ಲಿ ದಿನವಿಡೀ ತಪಾಸಣೆಗೆ ನಿಂತ ಹಾಗೆ. ಈ ಹೋಲಿಕೆ ಪೂರ್ತಿ ಸರಿಯಲ್ಲ, ಅಲ್ಲಿನದು ಇದಕ್ಕಿಂತ ಕಷ್ಟ.

2023ರ ಜುಲೈಯಲ್ಲಿ ಎರಡೂ ದೇಶ ಒಂದು ಒಪ್ಪಂದ ಮಾಡಿಕೊಂಡವು. ಜುಲೈ 20ರಿಂದ ಒಂದು ಪರೀಕ್ಷಾ ಅವಧಿ. ಪ್ಯಾಲೆಸ್ಟೀನ್ ಮೂಲದವರೂ ಸೇರಿ ಎಲ್ಲ ಅಮೆರಿಕನ್ನರನ್ನೂ ಇಸ್ರೇಲ್ ಒಂದೇ ರೀತಿ ಒಳಗೆ ಬಿಡುತ್ತದಾ ಎಂದು ಅಮೆರಿಕ ನೋಡಿತು. ಸಾವಿರಾರು ಜನ ಮೊದಲ ಬಾರಿಗೆ ಬೆನ್ ಗುರಿಯನ್‌ನಲ್ಲಿ ಇಳಿದರು. ತಾರತಮ್ಯ ಹೋಗಿಲ್ಲ, ಕಡಿಮೆಯಾಗಿದೆ ಅಷ್ಟೆ ಎಂದವರೂ ಇದ್ದರು. ಅಮೆರಿಕದ ಕೆಲವು ಸೆನೆಟರ್‌ಗಳು ಆಕ್ಷೇಪ ಎತ್ತಿದರು. ಅರಬ್ ಮೂಲದ ಅಮೆರಿಕನ್ನರ ಸಂಘಟನೆಯೊಂದು ಕೋರ್ಟಿಗೂ ಹೋಯಿತು. ಸೆಪ್ಟೆಂಬರ್ 27ರಂದು ಅಮೆರಿಕ ಇಸ್ರೇಲನ್ನು ಸೇರಿಸಿಕೊಳ್ಳುವುದಾಗಿ ಘೋಷಿಸಿತು. ನವೆಂಬರ್ 30ರ ಹೊತ್ತಿಗೆ ಎಸ್ಟಾ ತೆರೆಯುವುದೆಂದು ಮಾತಾಗಿತ್ತು. ಘೋಷಣೆಯಾದ ಹತ್ತು ದಿನದಲ್ಲಿ, ಅಕ್ಟೋಬರ್ 7ರಂದು, ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆಯಿತು. ಯುದ್ಧ ಶುರುವಾದ ಮೇಲೆ ದಿನಾಂಕವನ್ನು ಹಿಂದಕ್ಕೆ ತಂದು ಅಕ್ಟೋಬರ್ 19ಕ್ಕೇ ತೆರೆದರು. ನೋಡಿ, ದೋಸ್ತಿ ಕೆಲಸ ಮಾಡಿದ್ದು ಇಲ್ಲಿ: ಆರು ವಾರ ಮುಂಚೆ. 35 ವರ್ಷದ ಲೆಕ್ಕದಲ್ಲಿ ಆರು ವಾರ!

ಇದರ ಇನ್ನೊಂದು ಮುಖವೂ ಇದೆ. 2025ರ ಜನವರಿ 1ರಿಂದ ಇಸ್ರೇಲ್ ಕೂಡ ವೀಸಾ ಬೇಡದ ದೇಶಗಳ ಜನರಿಂದ ಮೊದಲೇ ಆನ್‌ಲೈನ್ ಅನುಮತಿ ಕೇಳುತ್ತಿದೆ. ಶುಲ್ಕ 25 ಶೆಕೆಲ್. ಅಮೆರಿಕನ್ನರೂ ತೆಗೆದುಕೊಳ್ಳಬೇಕು. ಬ್ರಿಟನ್, ಕೆನಡಾ, ದಕ್ಷಿಣ ಕೊರಿಯಾ ಎಲ್ಲ ಕಡೆ ಇಂಥದ್ದೇ ಒಂದು ಬಂದಿದೆ. ‘ವೀಸಾ ಫ್ರೀ’ ಅನ್ನುವ ಮಾತಿಗೆ ಈಗ ಉಳಿದಿರುವ ಅರ್ಥ ಇಷ್ಟು: ಇಂಟರ್‌ವ್ಯೂ ಇಲ್ಲ, ಅರ್ಜಿ ಇದೆ.

ಇಂಥ ಸೌಲಭ್ಯ ಒಮ್ಮೆ ಕೊಟ್ಟ ಮೇಲೆ ಉಳಿಯುತ್ತದೆ ಅನ್ನುವ ಖಾತರಿಯೂ ಇಲ್ಲ. ಅಮೆರಿಕ ಪ್ರತಿ ದೇಶವನ್ನೂ ಕನಿಷ್ಠ ಎರಡು ವರ್ಷಕ್ಕೊಮ್ಮೆ ತಿರುಗಿ ನೋಡುತ್ತದೆ. ಆರ್ಥಿಕತೆ ಕುಸಿದು ಜನ ಹೊರಗೆ ಹೊರಟಾಗ ಅರ್ಜೆಂಟೀನಾವನ್ನು 2002ರಲ್ಲಿ ತೆಗೆದರು, ಮರುವರ್ಷ ಉರುಗ್ವೆಯನ್ನು. ರೊಮೇನಿಯಾದ್ದಂತೂ ಪಾಪ ಅನ್ನಿಸುತ್ತದೆ. 2025ರ ಜನವರಿಯಲ್ಲಿ ಸೇರಿಸಿದ್ದೇವೆ ಎಂದರು. ಅಮೆರಿಕದಲ್ಲಿ ಸರ್ಕಾರ ಬದಲಾಯಿತು, ಜಾರಿಗೆ ಬರುವ ಮುಂಚೆಯೇ ತಡೆದರು, ಮೇ ತಿಂಗಳಲ್ಲಿ ರದ್ದು ಮಾಡಿದರು. ಎಲೆ ಹಾಕಿ, ಬಡಿಸುವ ಮುಂಚೆ ಎಬ್ಬಿಸಿದ ಹಾಗೆ. ಬ್ರಿಟನ್ 2024ರ ಫೆಬ್ರವರಿಯಲ್ಲಿ ಜೋರ್ಡನ್‌ನವರಿಗೆ ವೀಸಾ ತೆಗೆದು ಆನ್‌ಲೈನ್ ಅನುಮತಿ ಸಾಕೆಂದಿತು. ಬಂದವರಲ್ಲಿ ಆಶ್ರಯ ಕೇಳುವವರು ಜಾಸ್ತಿಯಾದರು ಎಂದು ಅದೇ ಸೆಪ್ಟೆಂಬರ್ 10ರಂದು ಮತ್ತೆ ವೀಸಾ ಹಾಕಿತು.

ನಮಗೂ ಈ ರುಚಿ ಗೊತ್ತಿದೆ. ಇರಾನ್ 2024ರ ಫೆಬ್ರವರಿ 4ರಿಂದ ಭಾರತೀಯ ಪ್ರವಾಸಿಗರಿಗೆ, ವಿಮಾನದಲ್ಲಿ ಬಂದರೆ 15 ದಿನ, ವೀಸಾ ಬೇಡ ಎಂದಿತ್ತು. ಕೆಲಸ ಕೊಡಿಸುತ್ತೇವೆ, ಅಲ್ಲಿಂದ ಮುಂದಿನ ದೇಶಕ್ಕೆ ದಾಟಿಸುತ್ತೇವೆ ಎಂದು ಜನರನ್ನು ಕರೆದೊಯ್ದು, ಅಲ್ಲಿ ಒತ್ತೆ ಇಟ್ಟುಕೊಂಡು ಮನೆಯವರ ಹತ್ತಿರ ದುಡ್ಡು ಕೇಳುವ ದಂಧೆ ಶುರುವಾಯಿತು. 2025ರ ನವೆಂಬರ್ 22ರಿಂದ ಆ ಸೌಲಭ್ಯ ನಿಂತಿತು. ವೀಸಾ ಇಲ್ಲದ ದಾರಿ ಕಂಡಲ್ಲೆಲ್ಲ ನಿಮ್ಮ ಏಜೆಂಟನಂಥವರು ಮೊದಲು ಹೋಗಿ ನಿಲ್ಲುತ್ತಾರೆ. ಹೆದರಿಸಲು ಹೇಳುತ್ತಿಲ್ಲ, 18 ಸಾವಿರದ ಮಾತು ಮತ್ತೆ ನೆನಪಾಯಿತು, ಅದಕ್ಕೆ.

ಈಗ ಭಾರತಕ್ಕೆ ಯಾವಾಗ? ಸುಮ್ನೆ ಸಮಾಧಾನ ಹೇಳುವ ಬದಲು ಇದ್ದದ್ದು ಹೇಳುತ್ತೇನೆ. ಹತ್ತು ವರ್ಷದೊಳಗೆ ಆಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಮ್ಮ ತಿರಸ್ಕಾರದ ಅಂಕಿ 3ರ ಹತ್ತಿರವೂ ಇಲ್ಲ, ಬಹಳ ಮೇಲಿದೆ. ಚಿಪ್ ಇರುವ ಪಾಸ್‌ಪೋರ್ಟ್ 2024ರಿಂದ ಹಂತ ಹಂತವಾಗಿ ಬರುತ್ತಿದೆ. ಹಳೆಯವು ತೀರಲು ಇನ್ನೂ ವರ್ಷಗಳು ಬೇಕು. ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂತಲ್ಲ ಎಂದು ಕೆಲವರು ಕೇಳುತ್ತಾರೆ. 2025ರ ಜನವರಿ 17ರಂದು ಉದ್ಘಾಟನೆ ಆಯಿತು ನಿಜ. ಆದರೆ ಅಂದು ಅಲ್ಲಿ ವೀಸಾ ಕೆಲಸವೇ ಶುರುವಾಗಿರಲಿಲ್ಲ. ಚೆನ್ನೈಗೋ ಹೈದರಾಬಾದಿಗೋ ರಾತ್ರಿ ಬಸ್ಸು ಹತ್ತುವುದು ತಪ್ಪುವುದು ಒಂದು ವಿಷಯ, ವೀಸಾನೇ ತಪ್ಪುವುದು ಬೇರೆ ವಿಷಯ. ಎರಡಕ್ಕೂ ಸಂಬಂಧವಿಲ್ಲ.

ಅಂಕಿಗಿಂತ ದೊಡ್ಡ ತೊಡಕು ಸರಿಸಮದ ಷರತ್ತು. ಇದನ್ನು ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಅಮೆರಿಕನ್ನರು ಭಾರತಕ್ಕೆ ಬರಲು ನಾವೂ ವೀಸಾ ಕೇಳುತ್ತೇವೆ. ಇ-ವೀಸಾ ಆದರೂ ಅದು ವೀಸಾನೇ, ಅದಕ್ಕೂ ಶುಲ್ಕ ಇದೆ. ಇದೆಲ್ಲ ಬಿಟ್ಟು, ಅಮೆರಿಕದ ಯಾವ ಪ್ರಜೆ ಬಂದರೂ 90 ದಿನ ಇರಿ ಎನ್ನಬೇಕಾಗುತ್ತದೆ. ‘ಯಾವ ಪ್ರಜೆ’ ಅನ್ನುವಲ್ಲಿ ಒಂದು ನಿಮಿಷ ನಿಲ್ಲಿ. ಪಾಕಿಸ್ತಾನ ಮೂಲದ ಅಮೆರಿಕನ್ನರಿಗೆ ಭಾರತ ಇ-ವೀಸಾ ಕೂಡ ಕೊಡುವುದಿಲ್ಲ. ಅವರು ರಾಯಭಾರ ಕಚೇರಿಯ ಮೂಲಕ ಮಾಮೂಲಿ ವೀಸಾಕ್ಕೆ ಅರ್ಜಿ ಹಾಕಬೇಕು. ಇಸ್ರೇಲಿಗೆ ಪ್ಯಾಲೆಸ್ಟೀನ್ ಮೂಲದ ಅಮೆರಿಕನ್ನರ ವಿಷಯದಲ್ಲಿ ಬಂದ ಪ್ರಶ್ನೆಯೇ ನಮಗೆ ಇಲ್ಲಿ ಬರುತ್ತದೆ: ಪಾಸ್‌ಪೋರ್ಟ್ ಅಮೆರಿಕದ್ದಾದರೆ ಮೂಲ ಕೇಳಬಾರದು. ದೆಹಲಿಯ ಯಾವ ಸರ್ಕಾರ ಇದಕ್ಕೆ ಸುಲಭವಾಗಿ ಒಪ್ಪೀತು? ಯಾವ ಪಕ್ಷವೇ ಇರಲಿ, ನನಗಂತೂ ಕಾಣುತ್ತಿಲ್ಲ. ಹಾಗಾಗಿ ಅಮೆರಿಕ ಕೊಡುತ್ತಿಲ್ಲ ಎಂದು ಬೈಯುವಾಗ ನಾವೂ ಕೊಡಲು ಸಿದ್ಧರಿಲ್ಲ ಅನ್ನುವುದನ್ನು ಜೊತೆಗಿಟ್ಟುಕೊಳ್ಳಬೇಕು.

ಪೂರ್ತಿ ಬಾಗಿಲು ಮುಚ್ಚಿದೆ ಎಂದೂ ಅಲ್ಲ. ಅಮೆರಿಕದ ಗ್ಲೋಬಲ್ ಎಂಟ್ರಿ ಎಂಬ ಯೋಜನೆಗೆ ಭಾರತೀಯರು 2017ರಿಂದ ಸೇರಬಹುದು. ಮೊದಲೇ ತಪಾಸಣೆಗೆ ಒಪ್ಪಿಕೊಂಡವರಿಗೆ ಅಮೆರಿಕದಲ್ಲಿ ಇಳಿದಾಗ ಉದ್ದದ ಕ್ಯೂ ತಪ್ಪುತ್ತದೆ. ವೀಸಾ ಬೇಕೇ ಬೇಕು, ಆದರೆ ಎರಡು ಸರ್ಕಾರಗಳು ಜನರ ಮಾಹಿತಿ ವಿಷಯದಲ್ಲಿ ಕೈಜೋಡಿಸಲು ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಒಂದು ಗೊಂದಲ ನಮ್ಮವರಲ್ಲಿ ಬಹಳ ಇದೆ, ಅದನ್ನೂ ಹೇಳಿಬಿಡುತ್ತೇನೆ. ಈ ಸೌಲಭ್ಯ ನೋಡುವುದು ಪೌರತ್ವವನ್ನು, ಎಲ್ಲಿ ವಾಸವಿದ್ದೀರಿ ಎಂಬುದನ್ನಲ್ಲ. ಲಂಡನ್ನಿನಲ್ಲಿ ಹದಿನೈದು ವರ್ಷದಿಂದ ಮನೆ ಮಾಡಿಕೊಂಡಿದ್ದರೂ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದರೆ ಎಸ್ಟಾ ಇಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಎರಡು ದಾರಿ. ನನಗೆ ಪರಿಚಯದ ಒಂದು ಕುಟುಂಬ ಇದೆ, ಶಿವಮೊಗ್ಗ ಕಡೆಯವರು. ಗಂಡ ಬ್ರಿಟಿಷ್ ಪ್ರಜೆಯಾದರು, ಹೆಂಡತಿ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡರು. ನ್ಯೂಜೆರ್ಸಿಯಲ್ಲಿ ತಂಗಿಯ ಮಗನ ಉಪನಯನ. ಹೆಂಡತಿಯ ವೀಸಾ ಏನಾಗುತ್ತದೋ ಎಂದು ಇಬ್ಬರೂ ತಲೆ ಕೆಡಿಸಿಕೊಂಡಿದ್ದರು. ಆಕೆಗೆ ಇಂಟರ್‌ವ್ಯೂ ಆಗಿ ವೀಸಾ ಬಂತು. ಗಂಡನಿಗೆ ಎಸ್ಟಾ ಸಿಗಲಿಲ್ಲ! 2012ರಲ್ಲಿ ಅವರು ತೈಲ ಕಂಪನಿಯ ಕೆಲಸಕ್ಕೆ ಇರಾಕಿನ ಬಾಸ್ರಾದಲ್ಲಿ ಕೆಲವು ತಿಂಗಳು ಇದ್ದರು. 2015ರ ಕೊನೆಯಲ್ಲಿ ಅಮೆರಿಕ ಮಾಡಿದ ಕಾನೂನಿನ ಪ್ರಕಾರ, 2011ರ ಮಾರ್ಚ್ 1ರ ನಂತರ ಇರಾನ್, ಇರಾಕ್, ಸಿರಿಯಾ, ಸುಡಾನ್‌ಗೆ ಹೋಗಿ ಬಂದವರಿಗೆ, ಕೆಲವು ವಿನಾಯಿತಿ ಬಿಟ್ಟರೆ, ಎಸ್ಟಾ ಇಲ್ಲ. ಆಮೇಲೆ ಇನ್ನೂ ಕೆಲವು ದೇಶಗಳು ಆ ಪಟ್ಟಿಗೆ ಸೇರಿದವು. ಅವರು ತಪ್ಪು ಮಾಡಿದವರಲ್ಲ, ವೀಸಾ ಕೇಳಿದರೆ ಸಿಗಬಹುದು. ಆದರೆ ಆ ಕ್ಯೂ ಮುಗಿಯುವ ಹೊತ್ತಿಗೆ ಉಪನಯನ ಮುಗಿದಿತ್ತು. ‘ಬ್ರಿಟಿಷ್ ಪಾಸ್‌ಪೋರ್ಟ್ ಅಂತ ಠೀವಿ ಮಾಡ್ತಿದ್ರಿ’ ಎಂದು ಹೆಂಡತಿ ಈಗಲೂ ಕಾಲೆಳೆಯುತ್ತಾರೆ.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಮಗನಿಗೆ ಬೇಜಾರಾಗಿರಬಹುದು. ಅವನು ಕಾಯುತ್ತಿರುವ ವಸ್ತು ಎಸ್ಟಾಗಿಂತ ಕೀಳಲ್ಲ, ಕೆಲವು ವಿಷಯದಲ್ಲಿ ಗಟ್ಟಿ. ಎಸ್ಟಾ ಎರಡು ವರ್ಷಕ್ಕೆ. ಒಂದು ಸಲಕ್ಕೆ 90 ದಿನ, ಅದಕ್ಕಿಂತ ಒಂದು ದಿನವೂ ವಿಸ್ತರಣೆ ಕೇಳುವ ಹಾಗಿಲ್ಲ. ನಡುವೆ ಕೆನಡಾಕ್ಕೋ ಮೆಕ್ಸಿಕೊಗೋ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂದುಕೊಂಡವರು ಪೇಚಿಗೆ ಸಿಕ್ಕಿದ್ದಾರೆ. ವಾಪಸ್ ಕಳಿಸುತ್ತೇವೆ ಎಂದರೆ, ಆಶ್ರಯ ಕೋರುವುದು ಬಿಟ್ಟರೆ, ಅಲ್ಲಿ ವಾದ ಮಾಡುವ ಹಕ್ಕನ್ನು ಮೊದಲೇ ಬಿಟ್ಟುಕೊಟ್ಟಿರುತ್ತಾರೆ. ಭಾರತೀಯರಿಗೆ ಬಿ-1/ಬಿ-2 ವೀಸಾ ಸಾಮಾನ್ಯವಾಗಿ 10 ವರ್ಷಕ್ಕೆ ಸಿಗುತ್ತದೆ, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಒಂದು ಸಲಕ್ಕೆ ಆರು ತಿಂಗಳವರೆಗೂ ಬಿಡಬಹುದು, ಕಾರಣ ಇದ್ದರೆ ವಿಸ್ತರಣೆಗೆ ಅರ್ಜಿ ಹಾಕಬಹುದು. ಅದಕ್ಕೇ ಎಸ್ಟಾ ಬಂದ ಮೇಲೂ ತಮ್ಮ ಹಳೆಯ ವೀಸಾ ಇದ್ದವರು ಅದನ್ನು ಬಿಸಾಡದೆ ಬಳಸುತ್ತಾರೆ. ಜೊತೆಗೆ ಆ ವೀಸಾ ಬೇರೆ ಬಾಗಿಲುಗಳನ್ನೂ ತೆರೆಯುತ್ತದೆ. ಅಮೆರಿಕದ ಚಾಲ್ತಿ ವೀಸಾ ಇರುವ ಭಾರತೀಯರಿಗೆ ಮೆಕ್ಸಿಕೊ ತನ್ನ ವೀಸಾ ಕೇಳುವುದಿಲ್ಲ. ಫಿಲಿಪ್ಪೀನ್ಸ್ 2025ರ ಜೂನ್‌ನಿಂದ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಬಿಡುತ್ತದೆ, ಅಮೆರಿಕದ ವೀಸಾ ಇದ್ದವರಿಗೆ 30 ದಿನ.

ಇಂಟರ್‌ವ್ಯೂಗೆ ಹೋಗುವಾಗ ಮಗ ಒಂದೇ ವಿಷಯ ಗಮನದಲ್ಲಿಟ್ಟುಕೊಳ್ಳಲಿ. ‘ಅಲ್ಲಿ ಏನು ಮಾಡುತ್ತೀರಿ?’ ಎಂದು ಕೇಳಿದಾಗ ನಮ್ಮ ಹುಡುಗರು ಹುಮ್ಮಸ್ಸಿನಲ್ಲಿ ‘ಕ್ಲೈಂಟ್ ಹತ್ತಿರ ಕೂತು ಕೋಡ್ ಬರೆಯುತ್ತೇನೆ’ ಎಂದುಬಿಡುತ್ತಾರೆ. ಬಿ-1ರಲ್ಲಿ ಮೀಟಿಂಗ್, ಚರ್ಚೆ, ಸಮ್ಮೇಳನಕ್ಕೆ ಹೋಗಬಹುದು. ಅಲ್ಲಿ ಕೂತು ದುಡಿಯುವ ಹಾಗಿಲ್ಲ. ಅವನು ಹೋಗುತ್ತಿರುವುದು ನಿಜಕ್ಕೂ ಮೀಟಿಂಗಿಗೆ ತಾನೆ? ಹಾಗಾದರೆ ಯಾವ ಊರು, ಎಷ್ಟು ದಿನ, ಖರ್ಚು ಯಾರದು, ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಲಿ. ಡಿಎಸ್-160ರಲ್ಲಿ ಬರೆದದ್ದೂ ಬಾಯಲ್ಲಿ ಹೇಳುವುದೂ ಒಂದೇ ಇರಲಿ. ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರನ್ನೂ ಆ ಅರ್ಜಿಯಲ್ಲಿ ಕೇಳುತ್ತಾರೆ, ಅದನ್ನು ಅವನೇ ಕೂತು ತುಂಬಲಿ. ಏಜೆಂಟ್ ಕೈಗೆ ಬೇಡ. ಕಂಪನಿಯ ಕೆಲಸ ಅಲ್ವಾ, ತುರ್ತು ಇದ್ದರೆ ಬೇಗ ದಿನಾಂಕ ಕೋರುವ ದಾರಿ ಅದೇ ಅಧಿಕೃತ ವೆಬ್‌ಸೈಟಿನಲ್ಲಿದೆ. ಅದಕ್ಕೆ ಪ್ರತ್ಯೇಕ ದುಡ್ಡಿಲ್ಲ, ಮೀಟಿಂಗಿನ ಆಹ್ವಾನ ಪತ್ರ ಬೇಕು. ಆ ಪತ್ರವನ್ನು ಟೆಲ್ ಅವೀವ್‌ನ ಆ ಸಹೋದ್ಯೋಗಿಯಿಂದಲೇ ಇವತ್ತೇ ತರಿಸಿಕೊಳ್ಳಲು ಹೇಳಿ.